ಒಬ್ಬರೇ ನೌಕರರಿರುವ ಸಂಘಕ್ಕೆ ಯಾವ ಆ್ಯಪ್ ಸಾಕು? ನಾವು ಬಳಸಿ ನೋಡಿದ್ದು

ಸಂಘ ನಡೆಸುವವರಿಗೆ ಸಾಫ್ಟ್‌ವೇರ್ ಮಾರುವವರು ಈಗ ಜಾಸ್ತಿ ಆಗಿದ್ದಾರೆ. ಡೆಮೊದಲ್ಲಿ ಎಲ್ಲವೂ ಚೆಂದ. ಸದಸ್ಯರ ಫೋಟೊ, ಬಣ್ಣಬಣ್ಣದ ಗ್ರಾಫ್, ಒಂದು ಬಟನ್ ಒತ್ತಿದರೆ ಎಲ್ಲರಿಗೂ ಸಂದೇಶ. ಈಗೀಗ ಅವರು ಏನನ್ನೇ ತೋರಿಸಿದರೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನಮ್ಮ ಆಫೀಸಿನ ಮೇಡಂ ಒಬ್ಬರೇ ಇದ್ದಾಗ, ಎದುರಿಗೆ ಇಬ್ಬರು ಸದಸ್ಯರು ಕೂತು ಮಾತಾಡುತ್ತಿರುವಾಗ, ಫೋನೂ ಬಡಿದುಕೊಳ್ಳುತ್ತಿರುವಾಗ, ಇದು ನಡೆಯುತ್ತಾ? ನಡೆಯದಿದ್ದರೆ ಬೇಡ.

ನಮ್ಮದು ಜಿಲ್ಲಾ ಮಟ್ಟದ ಮುದ್ರಣಾಲಯ ಮಾಲೀಕರ ಸಂಘ. ಆಫ್‌ಸೆಟ್ ಇಟ್ಟವರು, ಸ್ಕ್ರೀನ್ ಪ್ರಿಂಟಿಂಗಿನವರು, ಬರೀ ಡಿಟಿಪಿ ಮಾಡುವವರು, ಫ್ಲೆಕ್ಸ್ ಅಂಗಡಿಯವರು ಎಲ್ಲ ಸೇರಿ ಮುನ್ನೂರು ಚಿಲ್ಲರೆ ಸದಸ್ಯರು. ಪದಾಧಿಕಾರಿಗಳು, ಕಾರ್ಯಕಾರಿ ಸಮಿತಿ ಅಂತ ಹದಿನೈದು ಜನ ಇದ್ದೇವೆ. ಸಂಬಳಕ್ಕೆ ಇರುವುದು ಒಬ್ಬರೇ, ಅದೂ ಅರ್ಧ ದಿನ. ನಾನು ಕಾರ್ಯದರ್ಶಿ. ನನಗೂ ನನ್ನದೇ ಪ್ರೆಸ್ ಇದೆ, ಮದುವೆ ಸೀಸನ್ ಬಂತೆಂದರೆ ಸಂಘದ ಕಡೆ ತಲೆ ಹಾಕಲೂ ಪುರುಸೊತ್ತಿರುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಮ್ಮಷ್ಟು ದೊಡ್ಡ ಸಂಘಕ್ಕೆ ದುಡ್ಡು ಕೊಟ್ಟು ಮೆಂಬರ್‌ಶಿಪ್ ಸಾಫ್ಟ್‌ವೇರ್ ತಗೊಳ್ಳುವ ಅಗತ್ಯ ಇಲ್ಲ. ಗೂಗಲ್ ಶೀಟ್ಸ್ (ಎಕ್ಸೆಲ್ ಥರದ ಆನ್‌ಲೈನ್ ಕೋಷ್ಟಕ), ವಾಟ್ಸ್‌ಆ್ಯಪ್ ಬಿಸಿನೆಸ್, ಒಂದು ಯುಪಿಐ ಕ್ಯೂಆರ್, ಇಷ್ಟರಲ್ಲಿ ಕೆಲಸ ಆಗುತ್ತದೆ. ಆದರೆ ಮೂರೂ ಸಂಘದ ಹೆಸರಲ್ಲೇ ಇರಬೇಕು. ಕಾರ್ಯದರ್ಶಿಯ ಜಿಮೇಲು, ಖಜಾಂಚಿಯ ಫೋನ್ ನಂಬರು ಅಂತ ಶುರು ಮಾಡಿದರೆ ಮುಂದಿನ ಚುನಾವಣೆ ಹೊತ್ತಿಗೆ ಗೋಳು ಖಂಡಿತ.

ಹಿಂದಿನ ಸಮಿತಿಯವರು ಒಂದು ಸಾಫ್ಟ್‌ವೇರ್ ತಗೊಂಡಿದ್ದರು. ಹೆಸರು ಹೇಳುವುದು ಬೇಡ. ಹೆಸರು ತುಂಬುವ ಜಾಗದಲ್ಲೇ ತಕರಾರು ಶುರುವಾಯಿತು. ಮೊದಲ ಹೆಸರು, ಕೊನೆಯ ಹೆಸರು ಎರಡನ್ನೂ ತುಂಬಲೇಬೇಕು. ನಮ್ಮ ಕಡೆ ಊರಿನದೋ ಅಪ್ಪನದೋ ಇನಿಷಿಯಲ್ ಹಾಕಿ ಆಮೇಲೆ ತನ್ನ ಹೆಸರು ಬರೆಯುವವರೇ ಅರ್ಧ ಜನ. ಮೇಡಂ ಪಾಪ ಇದ್ದ ಹಾಗೇ ತುಂಬಿದರು, ಸರ್ವಸದಸ್ಯರ ಸಭೆಗೆ ಹೋದ ಆಹ್ವಾನ ಕೆಲವರಿಗೆ ‘ಡಿಯರ್ ಬಿ’, ಇನ್ನು ಕೆಲವರಿಗೆ ‘ಡಿಯರ್ ಕೆ ಎಸ್’ ಅಂತ ಮುಟ್ಟಿತು. ರಸೀದಿಯಲ್ಲಿ ಕನ್ನಡ ಹಾಕಿದರೆ ಚೌಕ ಚೌಕ ಬರುತ್ತಿತ್ತು. ಪ್ರೆಸ್‌ನವರ ಸಂಘದ ರಸೀದಿಯಲ್ಲಿ ಅಕ್ಷರ ಮೂಡದಿದ್ದರೆ ಜನ ಸುಮ್ನೆ ಬಿಡುತ್ತಾರಾ?

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಬಿಡುವಾಗ. ನಮ್ಮ ಪಟ್ಟಿ ನಮಗೆ ಕೊಡಿ ಅಂದರೆ ಪಿಡಿಎಫ್ ಕಳಿಸಿದರು. ಅದನ್ನು ನೋಡಿಕೊಂಡು ಮತ್ತೆ ಮೊದಲಿಂದ ಟೈಪ್ ಮಾಡಿಸಬೇಕಾಯಿತು. ಹಾಗಾಗಿ ನೀವು ಯಾವ ಸಾಫ್ಟ್‌ವೇರ್ ನೋಡಿದರೂ ಡೆಮೊ ಕೊಡುವವರ ಎದುರಲ್ಲೇ ‘ಪೂರ್ತಿ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ ತೋರಿಸಿ’ ಅನ್ನಿ. ‘ಆಮೇಲೆ ಕಳಿಸ್ತೀವಿ ಸಾರ್’ ಅಂದರೆ ಟೀ ಕುಡಿಸಿ ಕಳಿಸಿಬಿಡಿ.

ಅಮೆರಿಕ, ಕೆನಡಾ ಕಡೆ ಕನ್ನಡ ಕೂಟ ನಡೆಸುವವರ ಕಥೆ ಬೇರೆ. ಅಲ್ಲಿ ಸದಸ್ಯರು ಕಾರ್ಡ್‌ನಲ್ಲಿ ದುಡ್ಡು ಕಟ್ಟುತ್ತಾರೆ, ಇಮೇಲ್ ಓದುತ್ತಾರೆ. ವೈಲ್ಡ್ ಆ್ಯಪ್ರಿಕಾಟ್‌ನಂಥ ಸದಸ್ಯತ್ವ ಸಾಫ್ಟ್‌ವೇರ್ ಅವರಿಗೆ ಹೊಂದಬಹುದು, ಅದು ಹುಟ್ಟಿದ್ದೇ ಕೆನಡಾದಲ್ಲಿ, ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ದರ. ನಮ್ಮ ಸದಸ್ಯರಲ್ಲಿ ಇಮೇಲ್ ತೆರೆಯುವುದು ಗಿರಾಕಿ ಡಿಸೈನ್ ಕಳಿಸಿದಾಗ ಮಾತ್ರ.

ಈಗ ಗೂಗಲ್ ಶೀಟ್ಸ್. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಸದಸ್ಯರ ಪಟ್ಟಿ ಒಂದೇ ಶೀಟ್‌ನಲ್ಲಿ ಇದೆ, ಎರಡನೆಯದು ಎಲ್ಲೂ ಇಲ್ಲ. ಅಧ್ಯಕ್ಷರ ಹತ್ತಿರ ಒಂದು, ಖಜಾಂಚಿ ಹತ್ತಿರ ಇನ್ನೊಂದು ಅಂತ ಇದ್ದ ಕಾಲದಲ್ಲಿ ಸತ್ತವರಿಗೆ ಚಂದಾ ಜ್ಞಾಪನೆ ಹೋಗುತ್ತಿತ್ತು. ಮೊದಲ ಕಾಲಂ ಸದಸ್ಯತ್ವ ಸಂಖ್ಯೆ. ಒಬ್ಬರಿಗೆ ಕೊಟ್ಟ ಸಂಖ್ಯೆ ಇನ್ನೊಬ್ಬರಿಗಿಲ್ಲ. ಅಪ್ಪ ತೀರಿಕೊಂಡು ಮಗ ಅದೇ ಪ್ರೆಸ್ ನಡೆಸುತ್ತಿದ್ದರೂ ಮಗನಿಗೆ ಹೊಸ ಸಂಖ್ಯೆ. ಹೆಸರಿಗೆ ಎರಡು ಕಾಲಂ, ಒಂದು ಕನ್ನಡದಲ್ಲಿ, ಒಂದು ಬ್ಯಾಂಕಿನಲ್ಲಿ ಇರುವ ಹಾಗೆ ಇಂಗ್ಲಿಷಿನಲ್ಲಿ. ಪತ್ರ, ರಸೀದಿಗೆ ಮೊದಲನೆಯದು, ದುಡ್ಡು ಬಂದಾಗ ತಾಳೆ ನೋಡಲು ಎರಡನೆಯದು. ಒಂದೇ ಮೊಬೈಲ್ ನಂಬರ್ ಎರಡು ಸಲ ಬಿದ್ದರೆ ಆ ಸಾಲು ಕೆಂಪಾಗುವ ಹಾಗೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿದ್ದೇವೆ. ಪಟ್ಟಿ ತಿದ್ದುವ ಹಕ್ಕು ಮೇಡಂ ಮತ್ತು ನನಗೆ ಮಾತ್ರ, ಉಳಿದವರು ನೋಡಬಹುದು ಅಷ್ಟೇ. ಯಾರೋ ಏನೋ ಅಳಿಸಿದರೂ ವರ್ಶನ್ ಹಿಸ್ಟರಿಯಲ್ಲಿ ಹಳೆಯದು ಸಿಗುತ್ತದೆ, ಯಾರು ಅಳಿಸಿದ್ದು ಅಂತಲೂ ಗೊತ್ತಾಗುತ್ತದೆ. ಇದು ಗೊತ್ತಾದ ಮೇಲೆ ಯಾರೂ ಅಳಿಸುತ್ತಿಲ್ಲ.

ಅರ್ಧ ಅಂಕ ಯಾಕೆ ಕಳೆದೆ ಅಂದರೆ ಫೋನ್‌ನಲ್ಲಿ ಶೀಟ್ಸ್ ಬಳಸುವುದು ಹಿಂಸೆ. ಹೆಬ್ಬೆರಳು ತಾಗಿದ ಕಡೆ ಕರ್ಸರ್ ಹೋಗಿ ಕೂರುತ್ತದೆ. ತಿದ್ದುವ ಕೆಲಸ ಇದ್ದರೆ ಕಂಪ್ಯೂಟರ್ ಮುಂದೆಯೇ ಕೂರಿ.

ಹಳೆ ಪಟ್ಟಿ ಇರುವ ಕನ್ನಡ ಸಂಘಗಳಿಗೆ ಇಲ್ಲೊಂದು ಮುಖ್ಯ ವಿಷಯ ಇದೆ, ಯಾವ ಇಂಗ್ಲಿಷ್ ಬರಹದಲ್ಲೂ ನಿಮಗಿದು ಸಿಗುವುದಿಲ್ಲ. ನಮ್ಮ ಅತಿ ಹಳೆಯ ಪಟ್ಟಿ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆ ಫಾಂಟ್. ಅದನ್ನು ಶೀಟ್ಸ್‌ಗೆ ಏರಿಸಿದರೆ ಕನ್ನಡ ಮಾಯವಾಗಿ, ತಲೆ ಮೇಲೆ ಗೀಟು ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಹೊಸ ನುಡಿಯಲ್ಲಿ ಯೂನಿಕೋಡ್ ಇದೆ, ಆದರೆ ನಮ್ಮವರು ಪೇಜ್‌ಮೇಕರ್, ಕೋರೆಲ್‌ಡ್ರಾ ಕೆಲಸಕ್ಕೆ ಹಳೆ ಫಾಂಟನ್ನೇ ಹಿಡಿದುಕೊಂಡಿದ್ದಾರೆ. ಆನ್‌ಲೈನ್‌ನಲ್ಲಿ ಉಚಿತ ಪರಿವರ್ತಕಗಳಿವೆ, ಒಂದು ಕಾಲಂ ಕಾಪಿ ಮಾಡಿ ಹಾಕಿದರೆ ಯೂನಿಕೋಡ್ ಮಾಡಿಕೊಡುತ್ತವೆ. ಮಾಡಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಿ. ಹೆಸರಿನ ನಡುವೆ ಇಂಗ್ಲಿಷ್ ಇನಿಷಿಯಲ್ ಇದ್ದರೆ ಅದೂ ಕನ್ನಡ ಅಂದುಕೊಂಡು ಪರಿವರ್ತನೆ ಆಗಿ ಏನೇನೋ ಆಗಿರುತ್ತದೆ. ಪಿನ್‌ಕೋಡ್, ಫೋನ್ ನಂಬರ್ ಕಾಲಂ ಮಾತ್ರ ಪರಿವರ್ತಕಕ್ಕೆ ಹಾಕಲೇಬೇಡಿ. ಇದನ್ನು ಮಾಡದೆ ಮುಂದೆ ಹೋದರೆ ಹುಡುಕಾಟವೇ ನಡೆಯುವುದಿಲ್ಲ. ‘ಬಸವ’ ಅಂತ ಹುಡುಕಿದರೆ ಒಬ್ಬರೂ ಸಿಗುವುದಿಲ್ಲ, ನಮ್ಮ ಜಿಲ್ಲೆಯಲ್ಲಿ!

ಹೊಸ ಸದಸ್ಯರಿಗೆ, ವಿಳಾಸ ಬದಲಾದವರಿಗೆ ಗೂಗಲ್ ಫಾರ್ಮ್ಸ್. ಪ್ರಶ್ನೆ ಕನ್ನಡದಲ್ಲೇ ಹಾಕಿ, ಒಂದು ಪುಟಕ್ಕಿಂತ ಜಾಸ್ತಿ ಬೇಡ. ಫೋಟೊ ಅಪ್‌ಲೋಡ್ ಕೇಳಬೇಡಿ, ಕೇಳಿದರೆ ತುಂಬುವವರು ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು, ಅಲ್ಲಿಗೆ ಅರ್ಧ ಜನ ‘ಆಮೇಲೆ ನೋಡೋಣ’ ಅಂತ ಬಿಟ್ಟುಬಿಡುತ್ತಾರೆ. ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಿ. ಕೊನೆಯಲ್ಲಿ ‘ನನ್ನ ನಂಬರನ್ನು ಸಂಘದ ಡೈರೆಕ್ಟರಿಯಲ್ಲಿ ಹಾಕಬಹುದು’ ಅಂತ ಒಂದು ಟಿಕ್ ಇರಲಿ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ. ಕಾನೂನಿನ ಮಾತು ಹಾಗಿರಲಿ, ಕೇಳದೆ ನಂಬರ್ ಹಾಕಿ ಸಾಲದ ಕಂಪನಿಯವರ ಫೋನ್ ಬಂದರೆ ಸದಸ್ಯರು ಬೈಯುವುದು ಯಾರಿಗೆ?

ವಾಟ್ಸ್‌ಆ್ಯಪ್‌ಗೆ ಬರೋಣ. ಇಲ್ಲಿ ಆ್ಯಪ್‌ಗಿಂತ ಅಧ್ಯಕ್ಷರ ಗಟ್ಟಿತನವೇ ಮುಖ್ಯ. ಗುಂಪಿನಲ್ಲಿ 1,024 ಜನರವರೆಗೆ ಇರಬಹುದು, ನಮಗೆ ಧಾರಾಳ. ತೊಂದರೆ ಏನೆಂದರೆ ಬೆಳಗಾದರೆ ಶುಭೋದಯ, ಹಬ್ಬ ಬಂದರೆ ಎಲ್ಲರ ಪ್ರೆಸ್ಸಿನ ಶುಭಾಶಯ ಕಾರ್ಡು, ಚುನಾವಣೆ ಬಂದರೆ ಆ ಪಕ್ಷ ಈ ಪಕ್ಷ. ಸಭೆಯ ನೋಟಿಸು ಅದರಡಿ ಎಲ್ಲೋ ಹೂತುಹೋಗುತ್ತದೆ. ‘ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು’ ಅನ್ನುವ ಸೆಟ್ಟಿಂಗ್ ಹಾಕಲು ಎರಡು ಸೆಕೆಂಡ್ ಸಾಕು, ಹಾಕಿದ ಮೇಲೆ ಬರುವ ಫೋನ್ ಕರೆಗಳನ್ನು ತಡೆದುಕೊಳ್ಳುವುದೇ ಕಷ್ಟ. ನಮ್ಮ ಅಧ್ಯಕ್ಷರು ಹಿರಿಯರು, ಯಾರ ಮುಲಾಜೂ ನೋಡದೆ ಹಾಕಿದರು. ಹರಟೆಗೆ ಇನ್ನೊಂದು ಗುಂಪು ಮಾಡಿ ‘ಅಲ್ಲಿ ಏನು ಬೇಕಾದರೂ ಹಾಕಿ, ನಾನಂತೂ ನೋಡಲ್ಲ’ ಅಂದರು. ಹಳೆ ಮಷೀನ್ ಮಾರಾಟಕ್ಕಿದೆ, ಬೈಂಡರ್ ಬೇಕಾಗಿದ್ದಾರೆ, ಇಂಥವೆಲ್ಲ ಈಗ ಆ ಗುಂಪಿನಲ್ಲಿ ಬರುತ್ತವೆ, ನಿಜ ಹೇಳಬೇಕೆಂದರೆ ಜನ ಅದನ್ನೇ ಜಾಸ್ತಿ ನೋಡುತ್ತಾರೆ.

ಬ್ರಾಡ್‌ಕಾಸ್ಟ್ ಲಿಸ್ಟ್ (ಗುಂಪು ಮಾಡದೆ ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಪಟ್ಟಿ) ನಂಬಿ ಕೂರಬೇಡಿ. ಒಂದು ಪಟ್ಟಿಗೆ 256 ಜನ ಮಾತ್ರ, ಅದರಲ್ಲೂ ನಿಮ್ಮ ನಂಬರನ್ನು ತಮ್ಮ ಫೋನ್‌ನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಸೇವ್ ಮಾಡಿಕೊಳ್ಳದವರು ಯಾರು ಅಂತ ನಿಮಗೆ ಮೊದಲೇ ತಿಳಿಯುವುದಿಲ್ಲ, ಸಭೆ ಮುಗಿದ ಮೇಲೆ ಅವರೇ ಬಂದು ‘ನಮಗೆ ಹೇಳಲೇ ಇಲ್ಲ’ ಅನ್ನುತ್ತಾರೆ.

ಸಂಘದ ಹೆಸರಲ್ಲಿ ಬೇರೆ ಸಿಮ್ ತಗೊಂಡು ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ, ಇದಕ್ಕೂ ದುಡ್ಡಿಲ್ಲ. ನಮ್ಮ ಮೇಡಂಗೆ ಬಹಳ ಹಿಡಿಸಿದ್ದು ಅದರ ಕ್ವಿಕ್ ರಿಪ್ಲೈ. ಒಂದು ಓರೆ ಗೆರೆ ಹಾಕಿ ಶಾರ್ಟ್‌ಕಟ್ ಪದ ಒತ್ತಿದರೆ ಚಂದಾ ಎಷ್ಟು, ಎಲ್ಲಿ ಕಟ್ಟಬೇಕು, ಏನು ಬರೆಯಬೇಕು ಅನ್ನುವ ಪೂರ್ತಿ ಉತ್ತರ ತಾನೇ ಬರುತ್ತದೆ. ಸದಸ್ಯರು ಕೇಳುವುದು ಹೆಚ್ಚುಕಡಿಮೆ ಅವೇ ಐದಾರು ಪ್ರಶ್ನೆ. ಆಫೀಸ್ ಮುಚ್ಚಿದ ಮೇಲೆ ಬರುವ ಸಂದೇಶಕ್ಕೆ ‘ಬೆಳಿಗ್ಗೆ ಹತ್ತರ ನಂತರ ಉತ್ತರಿಸುತ್ತೇವೆ’ ಅಂತ ತಾನಾಗಿಯೇ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಅವರಿಗೆ ಫೋನ್ ಬರುವುದು ಇದರಿಂದ ನಿಂತಿತು. ಬರೀ ಅಷ್ಟಕ್ಕೇ ಐದಕ್ಕೆ ಐದು ಕೊಡಬಹುದು.

ದುಡ್ಡಿನ ವಿಷಯ. ನಮ್ಮ ವಾರ್ಷಿಕ ಚಂದಾ ಸಾವಿರ ರೂಪಾಯಿ. ಪೇಮೆಂಟ್ ಗೇಟ್‌ವೇ ಹಾಕಿದರೆ ಸಾಮಾನ್ಯವಾಗಿ ಶೇ. 2ರಷ್ಟು ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ ಸಾವಿರಕ್ಕೆ 23 ರೂಪಾಯಿ 60 ಪೈಸೆ ಹೋಯಿತು. ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿಗಳಿಂದ ಎಂಡಿಆರ್ (ಪಾವತಿ ಪಡೆಯುವುದಕ್ಕೆ ಕೊಡಬೇಕಾದ ಶುಲ್ಕ) ವಸೂಲಿ ಇಲ್ಲ. ಸಂಘದ ಬ್ಯಾಂಕ್ ಖಾತೆಗೇ ಕ್ಯೂಆರ್ ಮಾಡಿಸಿಕೊಂಡರೆ ಸಾವಿರಕ್ಕೆ ಸಾವಿರವೂ ಬರುತ್ತದೆ. ಖಜಾಂಚಿಯ ಸ್ವಂತ ಖಾತೆಯ ಕ್ಯೂಆರ್ ಅಂಟಿಸುವ ಸಂಘಗಳನ್ನು ನೋಡಿದ್ದೇನೆ. ಖಜಾಂಚಿ ದೇವರಂಥ ಮನುಷ್ಯನೇ ಇರಬಹುದು, ಆದರೂ ಬೇಡ, ನಾಳೆ ಆಡಿಟರ್ ಎದುರು ಕೂರಬೇಕಾದದ್ದು ಅವರೇ.

ದುಡ್ಡು ಬರುವುದು ಸುಲಭ, ಯಾರದು ಅಂತ ತಿಳಿಯುವುದು ಕಷ್ಟ. ಸದಸ್ಯರು ಇವರು, ಕಟ್ಟಿದ್ದು ಮಗನ ಫೋನ್‌ನಿಂದ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಬಂದ ಹೆಸರು ಸೊಸೆಯದು. ಇದಕ್ಕೆ ನಾವು ಕಂಡುಕೊಂಡ ಉಪಾಯ ಹೀಗಿದೆ. ಯುಪಿಐ ಲಿಂಕ್‌ನಲ್ಲಿ ಮೊತ್ತ ಮತ್ತು ಟಿಪ್ಪಣಿಯನ್ನು ಮೊದಲೇ ಸೇರಿಸಬಹುದು. ಶೀಟ್‌ನಲ್ಲಿ ಒಂದು ಫಾರ್ಮುಲಾ ಬರೆದು ಪ್ರತಿ ಸದಸ್ಯರಿಗೂ ಅವರದೇ ಸದಸ್ಯತ್ವ ಸಂಖ್ಯೆ ಟಿಪ್ಪಣಿಯಲ್ಲಿ ಇರುವ ಲಿಂಕ್ ಮಾಡಿ, ಅದರಿಂದ ಕ್ಯೂಆರ್ ತೆಗೆದು, ಜ್ಞಾಪನಾ ಪತ್ರದ ಕೆಳಗೆ ಅಚ್ಚು ಹಾಕಿದೆವು. ಯಾರ ಫೋನ್‌ನಿಂದ ಕಟ್ಟಿದರೂ ಸಂಖ್ಯೆ ಜೊತೆಗೆ ಬರುತ್ತದೆ. ಎಲ್ಲ ಸಲ ಅಲ್ಲ, ಕೆಲವು ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿ ಟಿಪ್ಪಣಿ ಅರ್ಧಕ್ಕೆ ಕತ್ತರಿಸಿರುತ್ತದೆ. ಹಾಗಾದಾಗ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ಕಳಿಸಿ ಅಂತ ಕೇಳುತ್ತೇವೆ. ಸ್ಕ್ರೀನ್‌ಶಾಟ್ ಒಂದನ್ನೇ ನಂಬಿ ರಸೀದಿ ಕೊಡುವುದಿಲ್ಲ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟರಲ್ಲ, ಆಗ ಕೆಲವು ದಿನ ಅನೇಕ ಅಂಗಡಿಗಳಲ್ಲಿ ‘ನೋ ಯುಪಿಐ’ ಬೋರ್ಡು ನೇತಾಡಿತು. ನಮ್ಮ ಸದಸ್ಯರೂ ಚಂದಾವನ್ನು ನಗದಾಗಿಯೇ ತಂದರು. ಸಂಘಕ್ಕೆ ಕಟ್ಟುವ ದುಡ್ಡಿಗೂ ಅವರ ವಹಿವಾಟಿನ ಲೆಕ್ಕಕ್ಕೂ ಸಂಬಂಧ ಇಲ್ಲ ಅಂತ ಎಷ್ಟು ಹೇಳಿದರೂ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಆದರೆ ಸಂಘಕ್ಕೆ ಅದರಷ್ಟು ಒಳ್ಳೆಯ ಪ್ರಚಾರ ಇನ್ನಾವುದರಿಂದಲೂ ಆಗಲಿಲ್ಲ. ವರ್ಷದ ವಹಿವಾಟು ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ ಅಂತ ಕನ್ನಡದಲ್ಲಿ ಒಂದು ಪುಟ ಬರೆದು ಹಾಕಿದೆವು, ಒಬ್ಬ ತೆರಿಗೆ ಸಲಹೆಗಾರರನ್ನು ಆಫೀಸಿಗೆ ಕರೆದು ಕೂರಿಸಿದೆವು. ವರ್ಷಗಟ್ಟಲೆ ಚಂದಾ ಕಟ್ಟದೆ ಇದ್ದವರು ಬಾಕಿ ಸಮೇತ ಕಟ್ಟಿ ಹೋದರು. ಮುಂದೆ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದಾಗಲೂ ಅಷ್ಟೇ. ನೋಟ್‌ಬುಕ್‌ಗೆ ತೆರಿಗೆ ಸೊನ್ನೆ, ಹೆಚ್ಚಿನ ಕಾಗದಕ್ಕೆ ಶೇ. 12 ಹೋಗಿ 18, ರಟ್ಟಿನ ಪೆಟ್ಟಿಗೆಗೆ 5. ಯಾವ ಬಿಲ್‌ಗೆ ಏನು ಹಾಕಬೇಕು ಅಂತ ಎಲ್ಲರಿಗೂ ತಲೆ ಕೆಟ್ಟಿತ್ತು. ನಮ್ಮ ಒಂದು ಪುಟದ ಕೋಷ್ಟಕವನ್ನು ಪಕ್ಕದ ಜಿಲ್ಲೆಯವರೂ ಹಂಚಿಕೊಂಡರು.

ಸದಸ್ಯತ್ವ ಹೆಚ್ಚಿಸಲು ಪೋಸ್ಟರ್, ರೀಲ್ಸ್ ಅಂತ ಸಲಹೆ ಕೊಡುವವರಿಗೆ ನಾನು ಇದನ್ನೇ ಹೇಳುವುದು. ಪೋಸ್ಟರ್ ಬೇಡ ಅಂತಲ್ಲ. ಪೋಸ್ಟರ್ ವಿನ್ಯಾಸಕ್ಕೆ ಕ್ಯಾನ್ವಾ ಆ್ಯಪ್ ಚೆನ್ನಾಗಿಯೇ ಇದೆ. ಮುದ್ರಕರಾಗಿ ಅದನ್ನು ಹೊಗಳುವುದು ನಮಗೆ ಸ್ವಲ್ಪ ಕಷ್ಟ, ಈಗ ಗಿರಾಕಿಗಳು ಮದುವೆ ಪತ್ರಿಕೆಯನ್ನು ಅದರಲ್ಲೇ ಮಾಡಿಕೊಂಡು ಬಂದು ‘ಪ್ರಿಂಟ್ ಅಷ್ಟೇ ಹಾಕಿ’ ಅನ್ನುತ್ತಾರೆ. ಆದರೂ ಮೇಡಂ ಹತ್ತು ನಿಮಿಷದಲ್ಲಿ ಸಭೆಯ ಪೋಸ್ಟರ್ ಮಾಡುತ್ತಾರೆ. ಕನ್ನಡಕ್ಕೆ ‘ನೋಟೊ’, ‘ಬಾಲೂ ತಮ್ಮ’ ಥರದ ಫಾಂಟ್ ಬಳಸಿದರೆ ಅಕ್ಷರ ಒಡೆಯುವುದಿಲ್ಲ. ಇಂಗ್ಲಿಷ್ ಟೆಂಪ್ಲೇಟ್ ಮೇಲೆ ಹಾಗೇ ಕನ್ನಡ ಹಾಕಿದರೆ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗುತ್ತದೆ, ಸಾಲುಗಳ ನಡುವೆ ಜಾಗ ಜಾಸ್ತಿ ಕೊಡಿ. ಲಾಭರಹಿತ ಸಂಸ್ಥೆಗಳಿಗೆ ಕ್ಯಾನ್ವಾದಲ್ಲೂ ಗೂಗಲ್‌ನಲ್ಲೂ ಉಚಿತ ಯೋಜನೆಗಳಿವೆ, ಗ್ರಂಥಾಲಯ, ಸೇವಾಕಾರ್ಯದ ಸಂಘಗಳು ವಿಚಾರಿಸಬಹುದು. ನಮ್ಮಂಥ ವ್ಯಾಪಾರಿ ಸಂಘಗಳು ಅದರ ಆಸೆ ಇಟ್ಟುಕೊಳ್ಳದೆ ಮಾಮೂಲಿ ಉಚಿತ ಖಾತೆಯಲ್ಲೇ ಸಾಗಿಸುವುದು ಲೇಸು.

ಝೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ನಿಲ್ಲುತ್ತದೆ, ಗೂಗಲ್ ಮೀಟ್ ಒಂದು ಗಂಟೆಗೆ. ಸಮಿತಿ ಸಭೆಗೆ ನಾನು ಝೂಮನ್ನೇ ಆರಿಸುತ್ತೇನೆ, ಕಾರಣ ಹೇಳಬೇಕಾಗಿಲ್ಲ ಅಲ್ವಾ?

ಗೂಗಲ್ ಖಾತೆಯ ವಿಷಯ ಮರೆಯಬಾರದು, ಎಲ್ಲವೂ ಅದರ ಮೇಲೆ ನಿಂತಿದೆ. ಸಂಘದ ಹೆಸರಿನ ಜಿಮೇಲ್ ಮಾಡಿ, ರಿಕವರಿಗೆ ಸಂಘದ ಸಿಮ್‌ನ ನಂಬರ್ ಕೊಟ್ಟು, ಟೂ ಸ್ಟೆಪ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಕೇಳುವ ಸೆಟ್ಟಿಂಗ್) ಹಾಕಿ. ಹಾಕಿದ ಮೇಲೆ ಕೇಳಿದರೆ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಅದನ್ನು ಪ್ರಿಂಟ್ ತೆಗೆದು ಲಕೋಟೆಯಲ್ಲಿ ಹಾಕಿ, ಚೆಕ್‌ಬುಕ್ ಇಡುವ ಬೀರುವಿನಲ್ಲೇ ಇಟ್ಟಿದ್ದೇವೆ. ಪದಾಧಿಕಾರಿಗಳು ಬದಲಾದ ದಿನ ಬೀರುವಿನ ಕೀಲಿ ಜೊತೆಗೆ ಪಾಸ್‌ವರ್ಡೂ ಬದಲಾಗಬೇಕು ಅಂತ ಸಮಿತಿಯಲ್ಲಿ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸಿದ್ದೇವೆ. ಜಗಳವಾಗಿ ಹೋದ ಕಾರ್ಯದರ್ಶಿ ಗುಂಪಿನ ಅಡ್ಮಿನ್ ಆಗಿಯೇ ಉಳಿದು, ಹೊಸಬರು ಮತ್ತೊಂದು ಗುಂಪು ಮಾಡಿ, ಒಂದೇ ಸಂಘಕ್ಕೆ ಎರಡು ಗುಂಪು ಇರುವುದನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ.

ಇನ್ನೊಂದು ತೊಂದರೆಗೆ ಯಾವ ಆ್ಯಪ್‌ನಲ್ಲೂ ಪರಿಹಾರ ಇಲ್ಲ. ಹದಿನೈದು ಜನ ಯಜಮಾನರು, ಕೆಲಸ ಮಾಡುವವರು ಒಬ್ಬರು. ಉಪಾಧ್ಯಕ್ಷರು ಫೋನ್ ಮಾಡಿ ಹಾಲ್ ಬುಕ್ ಮಾಡಿ ಅನ್ನುತ್ತಾರೆ, ಖಜಾಂಚಿ ಅದು ಬಿಟ್ಟು ಬಾಕಿ ಪಟ್ಟಿ ಕೊಡಿ ಅನ್ನುತ್ತಾರೆ, ಯಾರೋ ನಿರ್ದೇಶಕರು ತಮ್ಮ ಮಗನ ಅರ್ಜಿ ಟೈಪ್ ಮಾಡಿಕೊಡಿ ಅಂತಲೂ ಬಂದಿದ್ದುಂಟು. ಈಗ ಕೆಲಸ ಹೇಳುವುದು ಕಾರ್ಯದರ್ಶಿ ಒಬ್ಬರೇ. ಬೇರೆಯವರು ಹೇಳಿದ್ದನ್ನು ಮೇಡಂ ಶೀಟ್‌ನ ಇನ್ನೊಂದು ಪುಟದಲ್ಲಿ ಬರೆದಿಡುತ್ತಾರೆ, ಸೋಮವಾರ ನಾನು ನೋಡಿ ಯಾವುದು ಮೊದಲು ಅಂತ ಗುರುತು ಹಾಕುತ್ತೇನೆ. ಯಾರು ಏನು ಹೇಳಿದರು ಅಂತ ಎಲ್ಲರಿಗೂ ಕಾಣುವುದರಿಂದ ಮಗನ ಅರ್ಜಿ ಥರದ್ದು ತಾನಾಗಿಯೇ ಕಡಿಮೆಯಾಯಿತು. ಸೊಸೈಟಿ ರಿಜಿಸ್ಟ್ರಾರ್‌ಗೆ ವರ್ಷವರ್ಷ ಸಲ್ಲಿಸುವ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ, ಆದಾಯ ತೆರಿಗೆ, ಎಫ್‌ಡಿ ಮುಗಿಯುವ ದಿನ, ಇವೆಲ್ಲ ಗೂಗಲ್ ಕ್ಯಾಲೆಂಡರ್‌ನಲ್ಲಿವೆ, ಒಂದು ತಿಂಗಳು ಮೊದಲೇ ನೆನಪಿಸುತ್ತದೆ.

ವರ್ಷಕ್ಕೆ ನಮಗೆ ಈ ಎಲ್ಲದಕ್ಕೂ ತಗಲುವ ಖರ್ಚು ಸಿಮ್ ರೀಚಾರ್ಜ್ ಮಾತ್ರ. ಗೂಗಲ್ ಕೊಡುವ 15 ಜಿಬಿ ಜಾಗ ಇನ್ನೂ ತುಂಬಿಲ್ಲ. ರಸೀದಿಯನ್ನೂ ಶೀಟ್‌ನಿಂದಲೇ ಕನ್ನಡ ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್‌ಗೆ ಕಳಿಸುತ್ತೇವೆ. ಹಾಗಾದರೆ ಕಾರ್ಬನ್ ಹಾಕಿ ಬರೆಯುವ ರಸೀದಿ ಪುಸ್ತಕ ನಿಲ್ಲಿಸೋಣ ಅಂತ ಕಳೆದ ಸಮಿತಿ ಸಭೆಯಲ್ಲಿ ವಿಷಯ ಇಟ್ಟೆ. ಹದಿನೈದರಲ್ಲಿ ಹನ್ನೊಂದು ಜನ ರಸೀದಿ ಪುಸ್ತಕ ಅಚ್ಚು ಹಾಕುವವರೇ. ವಿಷಯ ಬಿದ್ದುಹೋಯಿತು.